ಸಿಪಾಯಿ ಸಂಬಳದ ಇಪ್ಪತ್ತೈದು ಸೆಂಟ್: ವಾಷಿಂಗ್ಟನ್ನಿನ ಸೈನಿಕರ ಮನೆ ಯಾರ ದುಡ್ಡಿನಲ್ಲಿ ನಡೆಯಿತು?

ಅಮೆರಿಕದ ಸೈನ್ಯದಲ್ಲಿ ಒಬ್ಬ ಸಿಪಾಯಿ ಕುಡಿದು ಗಲಾಟೆ ಮಾಡಿ ದಂಡ ಕಟ್ಟುತ್ತಾನೆ ಅಂದುಕೊಳ್ಳಿ. ಆ ದುಡ್ಡು ಎಲ್ಲಿಗೆ ಹೋಗುತ್ತದೆ? ಸರ್ಕಾರದ ಮಾಮೂಲಿ ಬೊಕ್ಕಸಕ್ಕಲ್ಲ. ವಯಸ್ಸಾದ ಮಾಜಿ ಸೈನಿಕರ ಊಟ, ಔಷಧಿ, ಹಾಸಿಗೆಯ ಖರ್ಚಿಗೆ ಹೋಗುತ್ತದೆ. 1851ರಲ್ಲಿ ಮಾಡಿದ ಈ ಏರ್ಪಾಡು ನೂರೈವತ್ತು ವರ್ಷ ದಾಟಿದರೂ ಉಳಿದುಕೊಂಡಿತು. ದಂಡದ ಜೊತೆಗೆ ಸಿಪಾಯಿಗಳ ಸಂಬಳದಿಂದ ತಿಂಗಳಿಗಿಷ್ಟು ಅಂತ ಮುರಿದುಕೊಳ್ಳುವ ಚಿಲ್ಲರೆ ಕಾಸು ಬೇರೆ. ಈ ಎರಡು ಆದಾಯ ನಂಬಿಕೊಂಡು ನಡೆದದ್ದು ವಾಷಿಂಗ್ಟನ್ ನಗರದ ಉತ್ತರಕ್ಕೆ ಗುಡ್ಡದ ಮೇಲಿರುವ ‘ಸೋಲ್ಜರ್ಸ್ ಹೋಮ್’, ಅಂದರೆ ಸೈನಿಕರ ಮನೆ. ಈಗಿನ ಹೆಸರು ಆರ್ಮ್ಡ್ ಫೋರ್ಸಸ್ ರಿಟೈರ್‌ಮೆಂಟ್ ಹೋಮ್.

ಮಾಜಿ ಸೈನಿಕರ ಆಶ್ರಯದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ತ್ಯಾಗ, ಗೌರವ ಅಂತ ಶುರು ಮಾಡುತ್ತಾರೆ. ನನಗೆ ಈ ಮನೆಯಲ್ಲಿ ಕುತೂಹಲ ಹುಟ್ಟಿಸಿದ್ದು ಲೆಕ್ಕದ ಪುಸ್ತಕ. ಇದು ದಾನದಿಂದ ಕಟ್ಟಿದ ಛತ್ರವಲ್ಲ. ಒಳಗಿರುವವರು ಒಂದು ಕಾಲಕ್ಕೆ ತಾವೇ ದುಡ್ಡು ಕಟ್ಟಿದವರು. ಮನೆ ಅಷ್ಟು ಕಾಲ ಬಾಳಿದ್ದೂ ಅದರಿಂದಲೇ, ಕೊನೆಗೆ ಕುಸಿಯುವ ಹಂತಕ್ಕೆ ಬಂದದ್ದೂ ಅದರಿಂದಲೇ.

ಮೆಕ್ಸಿಕೋ ನಗರದ ದುಡ್ಡು

ನಾವಿಕರಿಗೆ ಇಂಥ ವ್ಯವಸ್ಥೆ ಮೊದಲೇ ಇತ್ತು. ಫಿಲಡೆಲ್ಫಿಯಾದಲ್ಲಿ ನೌಕಾಪಡೆಯ ಆಶ್ರಯಧಾಮ 1830ರ ದಶಕದಲ್ಲೇ ತಲೆ ಎತ್ತಿತ್ತು. ಅದಕ್ಕೂ ನಾವಿಕರ ಸಂಬಳದಿಂದಲೇ ತಿಂಗಳಿಗೆ 20 ಸೆಂಟ್ ಮುರಿಯುತ್ತಿದ್ದರು. ಭೂಸೇನೆಯ ಸಿಪಾಯಿಗೆ ಮಾತ್ರ ಏನೂ ಇರಲಿಲ್ಲ. ಇಪ್ಪತ್ತು ವರ್ಷ ಗಡಿಯ ಕೋಟೆಗಳಲ್ಲಿ ದುಡಿದವನು ಕೈಲಾಗದ ದಿನ ಹೊರಗೆ ಬಂದರೆ ಬೀದಿಯೇ ಗತಿ. ಸೇವಾವಧಿಗೆ ಪಿಂಚಣಿ ಅನ್ನುವುದು ಆಗಿನ್ನೂ ಸಿಪಾಯಿಗೆ ಇರಲಿಲ್ಲ. ಬಹಳ ಮಂದಿ ಐರ್ಲೆಂಡ್, ಜರ್ಮನಿಯಿಂದ ಬಂದು ಸೇರಿದವರು. ಅಂಥವರಿಗೆ ಅಮೆರಿಕದಲ್ಲಿ ತಮ್ಮವರು ಅಂತ ಯಾರಿದ್ದಾರು?

1827ರಲ್ಲಿ ಯುದ್ಧ ಕಾರ್ಯದರ್ಶಿ ಜೇಮ್ಸ್ ಬಾರ್ಬರ್ ಈ ಮಾತು ಎತ್ತಿದರು. ಯಾರೂ ಕಿವಿಗೊಡಲಿಲ್ಲ. 1840ರ ಹೊತ್ತಿಗೆ ರಾಬರ್ಟ್ ಆಂಡರ್ಸನ್ ಎಂಬ ಫಿರಂಗಿ ದಳದ ಅಧಿಕಾರಿ ಇದನ್ನೇ ಹಿಡಿದು ಕೂತರು. ಕಾಗದದ ಮೇಲೆ ಕಾಗದ ಬರೆದರು. ಆದರೆ ಕಾಂಗ್ರೆಸ್ಸಿಗೆ, ಅಂದರೆ ಅಮೆರಿಕದ ಸಂಸತ್ತಿಗೆ, ದುಡ್ಡು ತೆಗೆಯುವ ಮನಸ್ಸಿರಲಿಲ್ಲ.

ದುಡ್ಡು ಬಂದದ್ದು ಯಾರೂ ಊಹಿಸದ ಕಡೆಯಿಂದ. ಅಮೆರಿಕಕ್ಕೂ ಮೆಕ್ಸಿಕೋಗೂ ಯುದ್ಧ ನಡೆದಿತ್ತು. 1847ರ ಸೆಪ್ಟೆಂಬರಿನಲ್ಲಿ ಅಮೆರಿಕದ ಜನರಲ್ ವಿನ್‌ಫೀಲ್ಡ್ ಸ್ಕಾಟ್ ಮೆಕ್ಸಿಕೋ ನಗರವನ್ನು ಹಿಡಿದರು. ಸೈನಿಕರು ಊರು ಲೂಟಿ ಮಾಡದಂತೆ ತಡೆಯುತ್ತೇನೆ, ಅದಕ್ಕೆ ಪ್ರತಿಯಾಗಿ 1,50,000 ಡಾಲರ್ ಕೊಡಿ ಎಂದು ನಗರಸಭೆಗೆ ಹೇಳಿದರು. ನಗರ ಕೊಟ್ಟಿತು. ಒಂದು ಭಾಗದಲ್ಲಿ ಗಾಯಾಳುಗಳಿಗೆ ಕಂಬಳಿ, ಬೂಟು ಕೊಂಡರು. ಒಂದು ಲಕ್ಷ ಡಾಲರನ್ನು ನ್ಯೂಯಾರ್ಕಿನ ಬ್ಯಾಂಕಿಗೆ ಕಳಿಸಿ, ಇದು ಸೈನಿಕರ ಆಶ್ರಯಧಾಮಕ್ಕೆ ಮೀಸಲಾಗಲಿ ಎಂದು ಸರ್ಕಾರಕ್ಕೆ ಬರೆದರು.

ಸ್ಕಾಟ್ ಮತ್ತು ಅಧ್ಯಕ್ಷ ಪೋಕ್ ನಡುವೆ ಎಣ್ಣೆ ಸೀಗೇಕಾಯಿ ಸಂಬಂಧ. ಗೆದ್ದ ದೇಶದಿಂದ ಬಂದ ಹಣ ಸರ್ಕಾರದ್ದೇ ಹೊರತು ಒಬ್ಬ ಜನರಲ್ ಹಂಚುವುದಲ್ಲ ಎಂಬ ವಾದವೂ ಇತ್ತು. ಆ ವಾದದಲ್ಲಿ ಹುರುಳಿಲ್ಲ ಅನ್ನುವಂತಿಲ್ಲ. ನಿಜ ಹೇಳಬೇಕೆಂದರೆ ಅದು ಅಮೆರಿಕದ ಸಿಪಾಯಿಯದ್ದೂ ಅಲ್ಲ, ಸರ್ಕಾರದ್ದೂ ಅಲ್ಲ. ಸೋತ ಊರಿನ ಜನರದ್ದು. ಅಂತೂ ಹಣ ಮೂರು ವರ್ಷಕ್ಕೂ ಹೆಚ್ಚು ಹಾಗೇ ಬಿದ್ದಿತ್ತು.

ಕೊನೆಗೆ ಸೆನೆಟ್‌ನಲ್ಲಿ ಮಸೂದೆಯನ್ನು ದಡ ಮುಟ್ಟಿಸಿದವರು ಮಿಸಿಸಿಪ್ಪಿಯ ಜೆಫರ್ಸನ್ ಡೇವಿಸ್. ಅವರೂ ಮೆಕ್ಸಿಕೋದಲ್ಲಿ ಕಾದಿ ಗಾಯಗೊಂಡವರು. 1851ರ ಮಾರ್ಚ್ 3ರಂದು ಅಧ್ಯಕ್ಷ ಫಿಲ್ಮೋರ್ ಸಹಿ ಹಾಕಿದರು. ಮೆಕ್ಸಿಕೋ ಹಣದಲ್ಲಿ ಉಳಿದಿದ್ದ ಸುಮಾರು 1,18,000 ಡಾಲರ್ ಮೂಲ ಬಂಡವಾಳವಾಯಿತು.

ಇಲ್ಲಿ ಒಂದು ಸಣ್ಣ ಅಡ್ಡಮಾತು. ಈ ಮನೆಗಾಗಿ ಓಡಾಡಿದ ಮೂವರಲ್ಲಿ ಆಂಡರ್ಸನ್ ಹತ್ತು ವರ್ಷದ ನಂತರ, 1861ರ ಏಪ್ರಿಲಿನಲ್ಲಿ, ಫೋರ್ಟ್ ಸಮ್ಟರ್ ಕೋಟೆಯ ಒಳಗಿದ್ದರು. ಆ ಕೋಟೆಯ ಮೇಲೆ ಗುಂಡು ಹಾರಿಸಿ ಅಂತರ್ಯುದ್ಧ ಶುರು ಮಾಡಿದ್ದು ಡೇವಿಸ್ ಅಧ್ಯಕ್ಷರಾಗಿದ್ದ ದಕ್ಷಿಣದ ಒಕ್ಕೂಟ. ಆಗ ಉತ್ತರದ ಸೇನೆಯ ಮುಖ್ಯಸ್ಥ ಯಾರು? ಇದೇ ಸ್ಕಾಟ್. ಸ್ಕಾಟ್ ಮತ್ತು ಡೇವಿಸ್ ಒಬ್ಬರನ್ನೊಬ್ಬರು ಕಂಡರೆ ಉರಿದುಬೀಳುತ್ತಿದ್ದರು, ಪತ್ರಗಳಲ್ಲಿ ಬಾಯಿಗೆ ಬಂದಂತೆ ಬೈದುಕೊಂಡಿದ್ದಾರೆ. ಈ ಒಂದು ಕೆಲಸದಲ್ಲಿ ಮಾತ್ರ ಇಬ್ಬರದೂ ಒಂದೇ ದಾರಿ.

ಕಾನೂನು ಮಾಡಿದ ಲೆಕ್ಕ

ಮೂಲ ಬಂಡವಾಳ ಸಿಕ್ಕಿತು. ವರ್ಷ ವರ್ಷದ ಖರ್ಚಿಗೆ? ಕಾನೂನು ಮೂರು ದಾರಿ ತೋರಿಸಿತು. ಪ್ರತಿ ಸಿಪಾಯಿಯ ಸಂಬಳದಿಂದ ತಿಂಗಳಿಗೆ 25 ಸೆಂಟ್. ಕೋರ್ಟ್ ಮಾರ್ಷಲ್ ಹಾಕಿದ ದಂಡ ಮತ್ತು ಸೈನ್ಯ ಬಿಟ್ಟು ಓಡಿಹೋದವರ ಬಾಕಿ ಸಂಬಳ. ಸತ್ತ ಸಿಪಾಯಿಗಳ ಪೈಕಿ ವಾರಸುದಾರರು ಕೇಳಿಕೊಂಡು ಬಾರದೆ ಉಳಿದ ಹಣ.

ಆಗ ಕಾಲಾಳು ಸಿಪಾಯಿಗೆ ತಿಂಗಳಿಗೆ 7 ಡಾಲರ್ ಸಂಬಳ. ಅದರಲ್ಲಿ 25 ಸೆಂಟ್ ಅಂದರೆ ನೂರಕ್ಕೆ ಮೂರೂವರೆ. ಕಮ್ಮಿಯೇನಲ್ಲ. ಇಪ್ಪತ್ತು ವರ್ಷ ಸೇವೆ ಮುಗಿಸಿದವರಿಗೆ ಅಥವಾ ಸೇವೆಯಲ್ಲಿ ಅಂಗವಿಕಲರಾದವರಿಗೆ ಒಳಗೆ ಜಾಗ. ಅಧಿಕಾರಿಗಳು ದುಡ್ಡು ಕೊಡುವಂತಿಲ್ಲ, ಹಾಗಾಗಿ ಅವರಿಗೆ ಇಲ್ಲಿ ಮನೆಯೂ ಇಲ್ಲ. ಇದು ಸಿಪಾಯಿಗಳು ಸಿಪಾಯಿಗಳಿಗಾಗಿ ಇಟ್ಟ ನಿಧಿ. ನಡೆಸುವ ಯಜಮಾನಿಕೆ ಮಾತ್ರ ಅಧಿಕಾರಿಗಳ ಕೈಯಲ್ಲಿತ್ತು ಅನ್ನುವುದನ್ನೂ ಸೇರಿಸಬೇಕು.

ಜಾಗಕ್ಕಾಗಿ ಜಾರ್ಜ್ ರಿಗ್ಸ್ ಎಂಬ ಬ್ಯಾಂಕರನ ಸುಮಾರು 250 ಎಕರೆ ಜಮೀನನ್ನು ಕೊಂಡರು. ರಿಗ್ಸ್ ಪಾಲುದಾರನಾಗಿದ್ದ ಬ್ಯಾಂಕು ಮೆಕ್ಸಿಕೋ ಯುದ್ಧಕ್ಕೆ ಸರ್ಕಾರದ ಸಾಲಪತ್ರಗಳನ್ನು ಮಾರಿಕೊಟ್ಟಿತ್ತು. ಹಾಗಾಗಿ ಯುದ್ಧದಲ್ಲಿ ಓಡಾಡಿದ ದುಡ್ಡು ಒಂದು ಸುತ್ತು ಹೊಡೆದು ಬಂದಂತಾಯಿತು. 1840ರ ದಶಕದ ಆರಂಭದಲ್ಲಿ ರಿಗ್ಸ್ ಬೇಸಿಗೆಗೆಂದು ಕಟ್ಟಿಸಿದ್ದ ಮನೆಯಲ್ಲೇ ಮೊದಲ ಮಾಜಿ ಸೈನಿಕರು ಇದ್ದರು. 1857ರ ಹೊತ್ತಿಗೆ ಪಕ್ಕದಲ್ಲಿ ಬಿಳಿ ಅಮೃತಶಿಲೆಯ ದೊಡ್ಡ ಕಟ್ಟಡ ಎದ್ದಿತು. ಕೆಂಟಕಿಯ ಹ್ಯಾರಡ್ಸ್‌ಬರ್ಗ್ ಮತ್ತು ಮಿಸಿಸಿಪ್ಪಿಯಲ್ಲೂ ಶಾಖೆ ತೆರೆದು ನೋಡಿದರು. ನಡೆಯಲಿಲ್ಲ. ಹ್ಯಾರಡ್ಸ್‌ಬರ್ಗ್ 1858ರಲ್ಲಿ ಮುಚ್ಚಿತು.

1859ರಲ್ಲಿ ವಂತಿಗೆ ಅರ್ಧಕ್ಕೆ ಇಳಿದು ಹನ್ನೆರಡೂವರೆ ಸೆಂಟ್ ಆಯಿತು. ಮೊದಲ ದಶಕದಲ್ಲಿ ಒಳಗಿದ್ದವರು ತೀರಾ ಕಡಿಮೆ. ಕಾಣದ ಮನೆಗೆ ತಿಂಗಳು ತಿಂಗಳು ದುಡ್ಡು ಕೊಡುವ ಸಿಪಾಯಿಗೆ ಇದು ಸಮಾಧಾನವೇ ಆಗಿರಬೇಕು. ಆದರೆ ಒಂದು ವಿಷಯ ಗಮನಿಸಿ. ಕಾನೂನು ಬರೆದದ್ದು ‘ಸಂಬಳದ ಇಷ್ಟು ಪಾಲು’ ಅಂತ ಅಲ್ಲ, ‘ಇಷ್ಟು ಸೆಂಟ್’ ಅಂತ. ಆಗ ಅದು ಯಾರಿಗೂ ದೊಡ್ಡ ವಿಷಯವಾಗಿ ಕಂಡಿರಲಿಕ್ಕಿಲ್ಲ.

ಲಿಂಕನ್ ಬಾಡಿಗೆ ಇಲ್ಲದ ಅತಿಥಿ

ಈ ಜಾಗದ ಹೆಸರು ಕೇಳಿದವರಿಗೆ ನೆನಪಾಗುವುದು ಲಿಂಕನ್. 1862, 63, 64ರ ಬೇಸಿಗೆಗಳಲ್ಲಿ ಅವರು ಕುಟುಂಬದ ಜೊತೆ ರಿಗ್ಸ್ ಕಟ್ಟಿಸಿದ್ದ ಆ ಮನೆಯಲ್ಲಿ ಇದ್ದರು. ಒಟ್ಟು ಲೆಕ್ಕ ಹಾಕಿದರೆ ಅಧ್ಯಕ್ಷಗಿರಿಯ ಸುಮಾರು ಕಾಲು ಭಾಗ. 1862ರ ಫೆಬ್ರವರಿಯಲ್ಲಿ ಮಗ ವಿಲ್ಲಿ ತೀರಿಕೊಂಡಿದ್ದ. ಶ್ವೇತಭವನದ ಸೆಕೆ, ಜನಜಂಗುಳಿ ಬೇಡವಾಗಿತ್ತು. ಗುಡ್ಡದ ಮೇಲೆ ಗಾಳಿಯಿತ್ತು. ದಿನಾ ಬೆಳಗ್ಗೆ ಕುದುರೆ ಮೇಲೋ ಗಾಡಿಯಲ್ಲೋ ಮೂರು ಮೈಲಿ ಕೆಳಗಿಳಿದು ಕೆಲಸಕ್ಕೆ ಹೋಗಿ ಸಂಜೆ ವಾಪಸ್ಸಾಗುತ್ತಿದ್ದರು. ಗುಲಾಮರ ಬಿಡುಗಡೆಯ ಘೋಷಣೆಯ ಕರಡಿನ ಮೇಲೆ ಅವರು ಕೂತು ಕೆಲಸ ಮಾಡಿದ್ದು 1862ರಲ್ಲಿ ಇಲ್ಲಿದ್ದಾಗಲೇ.

ಆದರೆ ಸೈನಿಕರ ಮನೆಯ ಕತೆಗೆ ಲಿಂಕನ್‌ಗಿಂತ ಹತ್ತಿರದ್ದು ಹಿಂಬದಿಯ ಸ್ಮಶಾನ. 1861ರ ಜುಲೈನಲ್ಲಿ ಬುಲ್ ರನ್ ಕಾಳಗದಲ್ಲಿ ಉತ್ತರದವರು ಸೋತರು. ವಾಷಿಂಗ್ಟನ್‌ಗೆ ಹೆಣಗಳು ಬಂದವು, ಹೂಳಲು ಜಾಗವಿಲ್ಲ. ಮನೆಯವರು ತಮ್ಮ ಜಮೀನಿನಲ್ಲಿ ಆರು ಎಕರೆ ಬಿಟ್ಟುಕೊಟ್ಟರು. ಮುದುಕರು ಗಿಡಮರ ನೋಡಿಕೊಂಡು ಕಾಲ ಕಳೆಯುವ ಜಾಗದ ಪಕ್ಕದಲ್ಲೇ ಇಪ್ಪತ್ತರ ಹುಡುಗರನ್ನು ಹೂಳುತ್ತಾ ಹೋದರು. 1864ರ ಮೇ ಹೊತ್ತಿಗೆ ಐದು ಸಾವಿರಕ್ಕೂ ಹೆಚ್ಚು ಗೋರಿಗಳಾಗಿ ಜಾಗ ಮುಗಿಯಿತು. ಆಮೇಲೆ ಹುಡುಕಿದ ಹೊಸ ಜಾಗವೇ ಇವತ್ತು ಜಗತ್ತಿಗೆಲ್ಲ ಗೊತ್ತಿರುವ ಆರ್ಲಿಂಗ್ಟನ್. ವಾಷಿಂಗ್ಟನ್‌ಗೆ ಹೋದವರು ಆರ್ಲಿಂಗ್ಟನ್ ನೋಡದೆ ಬರುವುದಿಲ್ಲ. ಅದಕ್ಕಿಂತ ಮೊದಲು ತುಂಬಿದ ಈ ಸ್ಮಶಾನದ ಕಡೆ ತಿರುಗುವವರು ಕಡಿಮೆ.

ಅದೇ ಯುದ್ಧ ಇನ್ನೊಂದು ಪಾಠವನ್ನೂ ಕಣ್ಣೆದುರು ಇಟ್ಟಿತ್ತು, ಓದುವವರು ಓದಲಿಲ್ಲ ಅಷ್ಟೆ. ಸೈನಿಕರ ಮನೆ ಕಾಯಂ ಸೈನ್ಯದವರಿಗೆ ಮಾತ್ರ. ಯುದ್ಧಕ್ಕೆಂದು ಸೇರಿದ ಲಕ್ಷಾಂತರ ಸ್ವಯಂಸೇವಕರಿಗೆ 1865ರ ಮಾರ್ಚ್ 3ರಂದು ಲಿಂಕನ್ ಬೇರೆಯೇ ಒಂದು ಸಂಸ್ಥೆಗೆ ಸಹಿ ಹಾಕಿದರು. ಅದಕ್ಕೂ ದಂಡದ ಹಣವೇ ಬಂಡವಾಳ. ಆದರೆ ಯುದ್ಧ ಮುಗಿದು ಸ್ವಯಂಸೇವಕರು ಮನೆಗೆ ಹೋದ ಮೇಲೆ ದಂಡ ಯಾರಿಗೆ ಹಾಕುವುದು? 1870ರ ದಶಕದಲ್ಲೇ ಕಾಂಗ್ರೆಸ್ ವರ್ಷ ವರ್ಷ ಅನುದಾನ ಕೊಡಬೇಕಾಯಿತು. ಆ ಸಂಸ್ಥೆ ಕೊನೆಗೆ 1930ರಲ್ಲಿ ಮಾಜಿ ಸೈನಿಕರ ಸರ್ಕಾರಿ ಇಲಾಖೆಯೊಳಗೆ ಸೇರಿಹೋಯಿತು. ಸೈನಿಕರ ಮನೆ ಮಾತ್ರ ತಪ್ಪಿಸಿಕೊಂಡಿತು. ಕಾಯಂ ಸೈನ್ಯ ಇರುವವರೆಗೆ ದಂಡ ಕಟ್ಟುವವರಿಗೆ ಬರವಿಲ್ಲವಲ್ಲ.

1883ರಲ್ಲಿ ಇನ್ನೊಂದು ಕಾನೂನು ಬಂತು. ನಿಧಿಯ ಹಣ ಖಜಾನೆಯಲ್ಲಿ ಇರುತ್ತದೆ, ಅದಕ್ಕೆ ನೂರಕ್ಕೆ ಮೂರರ ಬಡ್ಡಿ ಸಿಗುತ್ತದೆ. ನಿಧಿ ಬೆಳೆಯಿತು. ಇಪ್ಪತ್ತನೇ ಶತಮಾನದ ಬಹುಪಾಲು ಸಿಪಾಯಿಗಳ ಸಂಬಳ ಮುರಿಯುವ ಅಗತ್ಯವೇ ಬೀಳಲಿಲ್ಲ. ದಂಡ ಮತ್ತು ಬಡ್ಡಿಯಲ್ಲೇ ಮನೆ ನಡೆಯಿತು. ಸ್ವಂತ ತೋಟ, ಸ್ವಂತ ಹಸುಗಳ ಡೈರಿ. ಗುಡ್ಡದ ಅಂಚಿನಲ್ಲಿ ಊರಿನ ಕಡೆ ಮುಖ ಮಾಡಿ ನಿಂತ ಸ್ಕಾಟ್ ಪ್ರತಿಮೆ. 1950ರ ದಶಕದಲ್ಲಿ ಮಹಿಳೆಯರಿಗೂ ಬಾಗಿಲು ತೆರೆಯಿತು. ಎರಡನೇ ಮಹಾಯುದ್ಧದವರಿಗೆ ವಯಸ್ಸಾಗುತ್ತಾ ಬಂದಾಗ ಎರಡು ಸಾವಿರಕ್ಕೂ ಹೆಚ್ಚು ಜನ ಇದ್ದ ದಿನಗಳೂ ಉಂಟು.

ಐವತ್ತು ಸೆಂಟಿನ ಸಂಕಟ

1970ರ ದಶಕದಲ್ಲಿ ಖರ್ಚು ಏರಿತು, ಸಂಬಳದಿಂದ ಮುರಿಯುವುದು ಮತ್ತೆ ಶುರುವಾಯಿತು. ಈ ಸಲ ತಿಂಗಳಿಗೆ 50 ಸೆಂಟ್. ಅದೇ ದಶಕದಲ್ಲಿ, 1976ರಲ್ಲಿ, ನಾವಿಕರ ಮನೆ ಫಿಲಡೆಲ್ಫಿಯಾ ಬಿಟ್ಟು ಮಿಸಿಸಿಪ್ಪಿಯ ಗಲ್ಫ್‌ಪೋರ್ಟ್‌ನ ಕಡಲ ತೀರಕ್ಕೆ ಹೋಯಿತು. 1991ರಲ್ಲಿ ಎರಡನ್ನೂ ಒಂದೇ ಆಡಳಿತ, ಒಂದೇ ನಿಧಿಯ ಕೆಳಗೆ ತಂದರು.

ಸರಿಯಾಗಿ ಅದೇ ಹೊತ್ತಿಗೆ ಶೀತಲ ಸಮರ ಮುಗಿಯಿತು. 1980ರ ದಶಕದ ಕೊನೆಯಲ್ಲಿ 21 ಲಕ್ಷ ದಾಟಿದ್ದ ಅಮೆರಿಕದ ಸಕ್ರಿಯ ಪಡೆ ಹತ್ತು ವರ್ಷದಲ್ಲಿ 14 ಲಕ್ಷಕ್ಕೆ ಇಳಿಯಿತು. ವಂತಿಗೆ ಕೊಡುವವರು ಮೂರರಲ್ಲಿ ಒಂದು ಪಾಲು ಕಡಿಮೆ. ದಂಡವೂ ಕಡಿಮೆ. ಒಳಗಿರುವವರ ವಯಸ್ಸು ಮಾತ್ರ ಏರುತ್ತಲೇ ಇತ್ತು. ಎಂಬತ್ತೈದರ ಮನುಷ್ಯನಿಗೆ ಬೇಕಾಗುವ ಆರೈಕೆಗೂ ಅರವತ್ತೈದರವನಿಗೆ ಬೇಕಾಗುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಮನೆಯಲ್ಲಿ ಹಿರಿಯರಿರುವವರಿಗೆ ಹೇಳಬೇಕಾಗಿಲ್ಲ.

ಮೂಲ ಲೆಕ್ಕದ ಹುಳುಕು ಇಲ್ಲಿ ಬಯಲಾಯಿತು. ಆದಾಯ ನಿಂತಿರುವುದು ಇವತ್ತು ಸೈನ್ಯದಲ್ಲಿ ಎಷ್ಟು ಜನ ಇದ್ದಾರೆ ಎಂಬುದರ ಮೇಲೆ. ಖರ್ಚು ನಿಂತಿರುವುದು ನಲವತ್ತು ವರ್ಷದ ಹಿಂದೆ ಎಷ್ಟು ಜನ ಇದ್ದರು ಎಂಬುದರ ಮೇಲೆ. ಎರಡಕ್ಕೂ ಸಂಬಂಧವಿಲ್ಲ. ದೊಡ್ಡ ಯುದ್ಧದ ಪೀಳಿಗೆ ಮುದಿಯಾಗುವ ಹೊತ್ತಿಗೆ ಸೈನ್ಯ ಚಿಕ್ಕದಾಗಿರುತ್ತದೆ. ಇನ್ನೊಂದು ವಿಚಿತ್ರ: ಸಿಪಾಯಿಗಳು ಶಿಸ್ತಿನಿಂದ ಇದ್ದಷ್ಟೂ ಮುದುಕರ ಪಾಲಿಗೆ ನಷ್ಟ!

ಜೊತೆಗೆ ಆ ಸೆಂಟಿನ ಲೆಕ್ಕ. 1990ರ ದಶಕದ ನಡುವೆ ಅತಿ ಕಿರಿಯ ಸಿಪಾಯಿಯ ಮೂಲ ಸಂಬಳವೇ ತಿಂಗಳಿಗೆ 800 ಡಾಲರ್ ದಾಟಿತ್ತು. ಅದರಲ್ಲಿ 50 ಸೆಂಟ್ ಅಂದರೆ ನೂರು ರೂಪಾಯಿಗೆ ಆರು ಪೈಸೆಯ ಲೆಕ್ಕ. 1851ರವನು ನೂರಕ್ಕೆ ಮೂರೂವರೆ ಕೊಟ್ಟಿದ್ದ. ವರ್ಷಕ್ಕೆ ಒಬ್ಬನಿಂದ 6 ಡಾಲರ್. ಹತ್ತು ಲಕ್ಷ ಜನ ಕೊಟ್ಟರೂ 60 ಲಕ್ಷ. ಎರಡು ಮನೆಗಳ ಖರ್ಚು ವರ್ಷಕ್ಕೆ ಆರು ಕೋಟಿ ಡಾಲರ್ ಆಸುಪಾಸು. ನಿವಾಸಿಗಳು ತಮ್ಮ ಪಿಂಚಣಿಯಿಂದ ಕಟ್ಟುವ ಶುಲ್ಕ, ದಂಡ, ಬಡ್ಡಿ ಎಲ್ಲ ಕೂಡಿಸಿದರೂ ಕೈ ಕಚ್ಚುತ್ತಿತ್ತು. ಗಂಟು ಕರಗತೊಡಗಿತು.

ದಾರಿ ಇರಲಿಲ್ಲವೇ? ಇತ್ತು. 1990ರ ದಶಕದ ನಡುವೆ ಕಾಂಗ್ರೆಸ್ ವಂತಿಗೆಯನ್ನು 1 ಡಾಲರ್‌ವರೆಗೆ ಏರಿಸಬಹುದು ಎಂದು ಕಾನೂನು ಮಾಡಿತು. ರಕ್ಷಣಾ ಇಲಾಖೆ ಏರಿಸಲಿಲ್ಲ. 2010ರ ದಶಕದಲ್ಲೂ ಅದು 50 ಸೆಂಟೇ. ಇದನ್ನು ಸುಮ್ನೆ ಉದಾಸೀನ ಅನ್ನುವುದಕ್ಕಿಂತ ಬೇರೆ ಪದ ನನಗೆ ಹೊಳೆಯುವುದಿಲ್ಲ. ತಿಂಗಳಿಗೆ ಅರ್ಧ ಡಾಲರ್ ಜಾಸ್ತಿ ಕೊಟ್ಟು ಯಾವ ಸಿಪಾಯಿಯೂ ಬಡವನಾಗುತ್ತಿರಲಿಲ್ಲ. ಒಂದು ಡಾಲರಿನಿಂದ ಎಲ್ಲ ಸರಿಹೋಗುತ್ತಿತ್ತು ಅಂತಲೂ ಅಲ್ಲ. ಆದರೆ ತಮ್ಮ ಮನೆಗೆ ತಾವೇ ಕೊಡುವ ಪದ್ಧತಿಗೆ ಜೀವ ಇರುತ್ತಿತ್ತು.

ಬದಲಿಗೆ ಖರ್ಚಿಗೆ ಕತ್ತರಿ ಬಿತ್ತು. ಕೆಲಸಗಾರರು ಕಡಿಮೆಯಾದರು. 2004ರಲ್ಲಿ ಐವತ್ತು ಎಕರೆಗೆ ಹತ್ತಿರ ಜಮೀನನ್ನು ಪಕ್ಕದ ಕ್ಯಾಥೊಲಿಕ್ ವಿಶ್ವವಿದ್ಯಾಲಯಕ್ಕೆ ಮಾರಿದರು. 2005ರ ಮೇ ತಿಂಗಳಲ್ಲಿ ವಾಷಿಂಗ್ಟನ್ ಮನೆಯ ನಿವಾಸಿಗಳು ವೈದ್ಯಕೀಯ ಸೌಲಭ್ಯ ಕಡಿತ ಮಾಡಿದ್ದು ತಪ್ಪು ಎಂದು ಕೋರ್ಟಿಗೆ ಹೋದರು. ಎಂಬತ್ತು ದಾಟಿದ ಮಾಜಿ ಸಿಪಾಯಿಗಳು ರಕ್ಷಣಾ ಕಾರ್ಯದರ್ಶಿಯ ಮೇಲೆ ದಾವೆ ಹೂಡಿದ್ದು! ಬಿಟ್ಟಿ ಊಟಕ್ಕೆ ಬಂದವರು ಹೀಗೆ ಮಾಡುವುದಿಲ್ಲ. ದುಡ್ಡು ಕಟ್ಟಿದವರು ಮಾಡುತ್ತಾರೆ.

ಗಲ್ಫ್‌ಪೋರ್ಟ್

ದಾವೆ ಹೂಡಿ ಮೂರು ತಿಂಗಳು. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಮಿಸಿಸಿಪ್ಪಿ ತೀರಕ್ಕೆ ಅಪ್ಪಳಿಸಿತು. ಗಲ್ಫ್‌ಪೋರ್ಟ್ ಮನೆ ಸಮುದ್ರಕ್ಕೆ ಎದುರಾಗಿಯೇ ಇತ್ತು. ಎತ್ತರದ ಕಾಂಕ್ರೀಟ್ ಕಟ್ಟಡ, ತಡೆಯುತ್ತದೆ ಎಂಬ ನಂಬಿಕೆ. ಹಾಗಾಗಿ ಬಹಳಷ್ಟು ನಿವಾಸಿಗಳು ಒಳಗೇ ಉಳಿದಿದ್ದರು. ಕಡಲು ಕೆಳಮಹಡಿಗೆ ನುಗ್ಗಿತು. ಕರೆಂಟ್ ಹೋಯಿತು. ಕಟ್ಟಡ ಬೀಳಲಿಲ್ಲ, ಆದರೆ ಇನ್ನು ವಾಸಕ್ಕೆ ಆಗುವಂತಿರಲಿಲ್ಲ.

ಮುನ್ನೂರಕ್ಕೂ ಹೆಚ್ಚು ಹಿರಿಯರನ್ನು ಸುಮಾರು 1,600 ಕಿ.ಮೀ. ದೂರದ ವಾಷಿಂಗ್ಟನ್ ಮನೆಗೆ ಕರೆತಂದರು. ಕೋಣೆ ಖಾಲಿ ಇದ್ದದ್ದು ಹಣದ ಕೊರತೆಯಿಂದ ಭರ್ತಿ ಕಡಿಮೆ ಮಾಡಿದ್ದರಿಂದ ಎನ್ನುವುದು ಈ ಪ್ರಕರಣದ ಕ್ರೂರ ಕಾಕತಾಳೀಯ. ಕಡಲ ಗಾಳಿಗೆ ಅಂತ ದಕ್ಷಿಣಕ್ಕೆ ಹೋಗಿ ನೆಲೆಸಿದ್ದ ನಾವಿಕರು, ಭೂಸೇನೆಯವರ ಹಳೇ ಮನೆಯಲ್ಲಿ ಐದು ವರ್ಷ ಕಳೆದರು. ಆ ವಯಸ್ಸಿನಲ್ಲಿ ಐದು ವರ್ಷ ಅಂದರೆ ಏನು ಅಂತ ಊಹಿಸಬಹುದು. ಹಿಂದಿರುಗಲು ಎಲ್ಲರೂ ಉಳಿದಿರಲಿಲ್ಲ.

ಹಳೇ ಕಟ್ಟಡ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿ 2010ರ ಅಕ್ಟೋಬರಿನಲ್ಲಿ ತೆರೆದರು. ವಾಷಿಂಗ್ಟನ್‌ಗೂ ಸುಧಾರಿಸಿಕೊಳ್ಳಲು ಸಮಯ ಸಿಗಲಿಲ್ಲ. 2011ರ ಆಗಸ್ಟ್ 23ರ ಭೂಕಂಪ 1850ರ ದಶಕದ ಆ ಅಮೃತಶಿಲೆಯ ಕಟ್ಟಡದ ಗೋಪುರಕ್ಕೆ ಪೆಟ್ಟು ಕೊಟ್ಟಿತು. 1950ರ ದಶಕದ ದೈತ್ಯ ವಸತಿ ಕಟ್ಟಡವನ್ನು ಕೆಡವಿ 2013ರಲ್ಲಿ ಅದಕ್ಕಿಂತ ಚಿಕ್ಕದನ್ನು ತೆರೆದರು.

ಈಗಿನ ಲೆಕ್ಕ

2010ರ ದಶಕದ ನಡುವೆ ನಿಧಿ ಬರಿದಾಗುವ ಹಂತಕ್ಕೆ ಬಂತು. 2016ರಿಂದ ಸರ್ಕಾರ ಸಾಮಾನ್ಯ ಖಜಾನೆಯಿಂದ ವರ್ಷಕ್ಕೆ ಸುಮಾರು ಎರಡು ಕೋಟಿ ಡಾಲರ್ ತುಂಬತೊಡಗಿತು. ತೆರಿಗೆದಾರರ ದುಡ್ಡಿಲ್ಲದೆ ನಡೆಯುತ್ತೇವೆ ಎಂಬ ಹೆಮ್ಮೆಯ ಮಾತು ಅಲ್ಲಿಗೆ ಮುಗಿಯಿತು. 2018ರಲ್ಲಿ ನಿವಾಸಿಗಳ ಶುಲ್ಕ ಏರಿತು. ‘ಸೇರುವಾಗ ಹೇಳಿದ ಮಾತೇ ಬೇರೆ’ ಎಂದು ಸಿಟ್ಟಾದರು. ಸಣ್ಣ ಪಿಂಚಣಿಯ ಮೇಲೆ ಬದುಕುವವರಿಗೆ ಅದು ನಿಜಕ್ಕೂ ಪೆಟ್ಟು.

ಉಳಿದ ಆಸ್ತಿ ಅಂದರೆ ನೆಲ. ಗುಡ್ಡದ ಒಂದು ಬದಿಯ 80 ಎಕರೆಯನ್ನು ದೀರ್ಘಾವಧಿ ಗುತ್ತಿಗೆಗೆ ಕೊಟ್ಟು ಬಾಡಿಗೆ ಎತ್ತುವ ಯೋಜನೆ 2008ರಿಂದಲೂ ಇದೆ. ಮನೆ, ಅಂಗಡಿ, ಕಚೇರಿ ಎಲ್ಲ ಬರುವ ಯೋಜನೆ. ವರ್ಷಗಳಿಂದ ತೆವಳುತ್ತಿದೆ. ಆ ಕಡೆ ಲಿಂಕನ್ ಇದ್ದ ಮನೆ 2000ದಲ್ಲಿ ರಾಷ್ಟ್ರೀಯ ಸ್ಮಾರಕವಾಗಿ, 2008ರಲ್ಲಿ ಪ್ರವಾಸಿಗರಿಗೆ ತೆರೆದುಕೊಂಡಿತು. ಅದನ್ನು ನಡೆಸುವವರು ಬೇರೆ, ಟಿಕೆಟ್ಟೂ ಬೇರೆ.

ನನ್ನ ಅಂದಾಜಿನಲ್ಲಿ ಇಲ್ಲಿ ಎರಡು ಕಡೆ ಎಡವಿದರು. ಮೊದಲನೆಯದು 1851ರ ಕಾನೂನಿನಲ್ಲೇ ಇತ್ತು: ಶೇಕಡಾ ಅಂತ ಬರೆಯಬೇಕಾದಲ್ಲಿ ಸೆಂಟ್ ಅಂತ ಬರೆದದ್ದು. ಅದನ್ನು ಕ್ಷಮಿಸಬಹುದು, ಬೆಲೆ ಏರಿಕೆಯ ಅನುಭವ ಆಗ ಅಷ್ಟಿರಲಿಲ್ಲ. ಎರಡನೆಯದು 1990ರ ದಶಕದ್ದು: ಕೈಯಲ್ಲಿ ಕಾನೂನು ಇದ್ದೂ ಏರಿಸದೆ ಕೂತದ್ದು. ಅದಕ್ಕೆ ಕ್ಷಮೆ ಕಷ್ಟ. ಸಂಬಳ ಮುರಿಯುವ ಪದ್ಧತಿಯೇ ಹಳೆಯದು, ಪೂರ್ತಿ ಸರ್ಕಾರವೇ ನೋಡಿಕೊಳ್ಳಲಿ ಎನ್ನುವವರೂ ಇದ್ದಾರೆ. ಹಾಗೆ ಮಾಡಿದರೆ ಹಣ ಬರುತ್ತದೆ ನಿಜ. ಆದರೆ ಪ್ರತಿ ವರ್ಷ ಬಜೆಟ್ ಮಂಡಿಸುವಾಗ ಈ ಹಿರಿಯರು ಇತರ ಐವತ್ತು ಖರ್ಚುಗಳ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. 2005ರಲ್ಲಿ ಕೋರ್ಟಿಗೆ ಹೋದವರ ಕೈಯಲ್ಲಿದ್ದ ‘ನಾವು ಕಟ್ಟಿದ್ದೇವೆ’ ಎಂಬ ಮಾತು ಆಗ ಅವರ ಕೈಯಲ್ಲಿ ಇರುವುದಿಲ್ಲ.